ಐತಪ್ಪನ ಬೋರ್ಡು

ಅಕ್ಷರಕ್ಕೆ ಹೆದರಿದವನಲ್ಲ ನಾನು.
ಸುಂಟಿಕೊಪ್ಪದ ಅರ್ಧ ಅಂಗಡಿಗಳ ಹೆಸರು
ನನ್ನ ಕುಂಚದಿಂದಲೇ ಇಳಿದದ್ದು:
ಕೋಳಿ ಅಂಗಡಿ, ಗೊಬ್ಬರದಂಗಡಿ, ಬ್ಯೂಟಿ ಪಾರ್ಲರು,
ಒಮ್ಮೆ ಮಸೀದಿಯ ಗೇಟಿಗೆ ಮೂರು ಭಾಷೆಯಲ್ಲಿ
‘ಚಪ್ಪಲಿ ಹೊರಗಿಡಿ’.
ಎಷ್ಟು ಒತ್ತಕ್ಷರ ಬೇಕಾದರೂ ಕೊಡಿ, ಜಾಗ ಹೊಂದಿಸುತ್ತೇನೆ.

ಮೂಳೆ ಕಟ್ಟುವ ಐತಪ್ಪ ಬಂದು
‘ಹೆಸರು ಸಣ್ಣಗೆ ಸಾಕು, ಕೈಯೊಂದು ದೊಡ್ಡದಾಗಿ ಬೇಕು,
ಒಳಗಿನದು, ತೊಗಲು ತೆಗೆದದ್ದು’ ಎಂದ.
ಅಡ್ವಾನ್ಸ್ ಇನ್ನೂರು ಜೇಬಿಗಿಳಿಸಿ
ರಾತ್ರಿಯೇ ಬರೆದು ಮುಗಿಸಿದೆ:
ಐದು ಬೆರಳು, ಬೆರಳಿಗೆ ಎರಡೆರಡು ಡಂಬೆಲ್ಲು,
ಅಂಗೈ ಇದ್ದಲ್ಲಿ ಬಿಳಿ ಬಣ್ಣದ ಒಂದು ದೋಸೆ.

ನೋಡಿದ. ಎಲೆಯಡಿಕೆ ಉಗಿದು ಬಂದು ಮತ್ತೆ ನೋಡಿದ.
‘ಎಂತದು ಮಾರಾಯ ಇದು,
ನಾಯಿಗೆ ಹಾಕುವ ಮೂಳೆಯಾ?
ಈ ಕೈಯಲ್ಲಿ ಒಂದು ಲೋಟ ಹಿಡಿದು ತೋರಿಸು ನೋಡುವ.’

ಪುಸ್ತಕ ಇಲ್ಲ ಅವನಲ್ಲಿ. ಮೂಳೆಗಳಿಗೆ ಹೆಸರೂ ಇಲ್ಲ.
ಬೆಂಚಿನ ಮೇಲೆ ನನ್ನ ಎಡಗೈ ಇರಿಸಿ
‘ಕಣ್ಣು ಮುಚ್ಚು. ಕಣ್ಣಿಗೆ ಕಾಣುವುದು ತೊಗಲು ಮಾತ್ರ.’
ಎಳ್ಳೆಣ್ಣೆ ಮೆತ್ತಿದ ಹೆಬ್ಬೆರಳು ಮಣಿಕಟ್ಟಿಗೆ ಇಳಿಯಿತು.

ಅಲ್ಲಿ ಎಂಟು ಕಲ್ಲು,
ಮಾರ್ಚಿ ತಿಂಗಳ ಹಾರಂಗಿಯ ತಳದಲ್ಲಿ
ಒಂದನ್ನೊಂದು ಸವೆಸಿ ಸವೆಸಿ ಕೂತ ಹಾಗೆ.
ಒಂದು ಬಟಾಣಿಯಷ್ಟು, ಕಿರುಬೆರಳ ಕಡೆಗೆ,
ಒತ್ತಿದರೆ ಜಾರುತ್ತದೆ.
‘ಎಲ್ಲರೂ ಮರೆಯುವುದು ಇದನ್ನು.’
ಆಮೇಲೆ ಐದು ಕಡ್ಡಿ, ಅಂಗೈಯ ಒಳಗೆ.
ಬೆರಳು ಶುರುವಾಗುವುದು ಬೆರಳಿದ್ದಲ್ಲಿ ಅಲ್ಲ,
ಅಷ್ಟು ಹಿಂದಿನಿಂದ!
ನಲವತ್ತು ವರ್ಷ ಹೊತ್ತು ತಿರುಗಿದ ಕೈ,
ನನಗೇ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಬಲಗೈ ಬರೆಯಿತು
ಸಿಮೆಂಟ್ ಚೀಲದ ಕಾಗದದ ಮೇಲೆ.
ಮೊದಲ ದಿನ ಕಲ್ಲು ಏಳೇ ಬಂದವು.
ಮರುದಿನ ಒಂಬತ್ತು.
‘ಒಂದು ವಾಪಸು ಕೊಡು,’ ಎಂದು ನಕ್ಕ.

ನಡುವೆ ಜನ ಬರುತ್ತಿದ್ದರು:
ಮೆಣಸು ಕೊಯ್ಯುತ್ತಾ ಏಣಿ ಜಾರಿದ ಹುಡುಗ,
ಜೀಪಿನ ಬಾಗಿಲಿಗೆ ಬೆರಳು ಕೊಟ್ಟ ಕಂಟ್ರಾಕ್ಟರು,
ಐಗೂರಿನ ಲಿಲ್ಲಿಬಾಯಿ, ಮೂವತ್ತು ವರ್ಷ ಕಾಫಿ ಬೀಜ ಆರಿಸಿ
ಬೆರಳು ಬಾಗಿಯೇ ಉಳಿದವಳು.
ಅವಳ ಕೈಯನ್ನೂ ನನ್ನಿಂದ ಮುಟ್ಟಿಸಿದ.
‘ಇದನ್ನು ನೆಟ್ಟಗೆ ಮಾಡಲು ಹೋಗಬಾರದು.
ನೆಟ್ಟಗಾದರೆ ಇವಳಿಗೆ ಕೆಲಸ ಇಲ್ಲ.’
ಲಿಲ್ಲಿಬಾಯಿ ಎಣ್ಣೆಯ ಸೀಸೆ ಸೆರಗಿಗೆ ಕಟ್ಟಿಕೊಂಡು
ಚಿಲ್ಲರೆ ಕೇಳಿ ಪಡೆದಳು.

ಏಳನೆಯ ದಿನ ‘ಬರೆಯುವ ಕೈ ಕೊಡು’ ಎಂದ.
ಕಿರುಬೆರಳ ಕಡ್ಡಿಯ ಕುತ್ತಿಗೆಯ ಹತ್ತಿರ
ಹೆಬ್ಬೆರಳು ನಿಂತಿತು. ಮುಂದೆ ಹೋಗಲಿಲ್ಲ.
ಹೊರಗೆ ಮಡಿಕೇರಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.
‘ಯಾವಾಗ ಮುರಿದದ್ದು?’
ಏಣಿಯಿಂದ ಬಿದ್ದೆ, ಎಂದೆ.
‘ಬಿದ್ದರೆ ಇಲ್ಲಿ ಮುರಿಯುವುದಿಲ್ಲ.’
ಕೈ ಒರೆಸಿಕೊಂಡ. ಬೇರೇನೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆನೋ ಏನೋ:
ತಮ್ಮ ಪುರಂದರ, ಆಗ ಹದಿನೇಳು.
ಅವನ ದವಡೆ, ನನ್ನ ಮುಷ್ಟಿ.
ಅಪ್ಪನ ವಾಚು ಕದ್ದ ಎಂದು.
ವಾಚು ಮೂರು ದಿನದ ಮೇಲೆ ಸಿಕ್ಕಿತು,
ಅಕ್ಕಿ ಡಬ್ಬಿಯಲ್ಲಿ, ಸರಿಯಾದ ಸಮಯ ತೋರಿಸುತ್ತಾ.

ಬೋರ್ಡು ಆಯಿತು. ಕಪ್ಪಿನ ಮೇಲೆ ಬಿಳಿ, ಲೆಕ್ಕ ಇಪ್ಪತ್ತೇಳು.
ಎತ್ತಿ ನಿಲ್ಲಿಸಿದ ಮೇಲೆಯೇ ಕಂಡದ್ದು,
ಕಿರುಬೆರಳ ಕಡ್ಡಿ ಕುತ್ತಿಗೆಯಲ್ಲಿ ಚೂರು ಬಾಗಿದೆ.
ಇಳಿಸಿ ತಿದ್ದುತ್ತೇನೆ, ಎಂದೆ.
ಐತಪ್ಪ ಬಾಕಿ ದುಡ್ಡು ಎಣಿಸುತ್ತಿದ್ದ.
‘ಬೇಡ. ಲೋಟ ಹಿಡಿಯುತ್ತದಲ್ಲ.’

ಶನಿವಾರ ಕುಶಾಲನಗರದ ಬಸ್ಸಿನಿಂದ
ಪುರಂದರ ಅದರ ಕೆಳಗೇ ಇಳಿದ.
ತಲೆ ಎತ್ತಿ ಬಹಳ ಹೊತ್ತು ನೋಡಿದ.
‘ಕೈ ಚೆನ್ನಾಗಿ ಬಂದಿದೆ,’ ಎಂದ,
ಚಕ್ಕುಲಿಯನ್ನು ಎಂದಿನಂತೆ
ಬಲಗಡೆಯಿಂದ ಮಾತ್ರ ಅಗಿಯುತ್ತಾ.